ಸಂಕಟ ಬಂದಾಗ ಯಾರು ಬರುತ್ತಾರೆ?

ಶನಿವಾರ ಬೆಳಿಗ್ಗೆ ಮೂಡಲಪಾಳ್ಯ ಸರ್ಕಲ್ಲಿನ ಹೂವಿನ ಗಾಡಿ ಹತ್ತಿರ ಒಬ್ಬ ಹೆಂಗಸು ಎರಡು ಮೊಳ ತುಳಸಿ ಕೊಂಡರು. ಮನೆಯವರು ಆಸ್ಪತ್ರೆಯಲ್ಲಿದ್ದಾರೆ ಎಂದು ಹೂವಿನವರಿಗೆ ಹೇಳಿ ಬಿರಬಿರನೆ ಹೋದರು. ಪಕ್ಕದಲ್ಲಿದ್ದ ಹುಡುಗ ಸ್ನೇಹಿತನ ಕಡೆ ತಿರುಗಿ, "ಸಂಕಟ ಬಂದಾಗ ವೆಂಕಟರಮಣ!" ಎಂದು ನಕ್ಕ.

ಆ ನಗು ನನಗೆ ಹಿಡಿಸಲಿಲ್ಲ. ಹುಡುಗನನ್ನು ಬೈದು ಪ್ರಯೋಜನವಿಲ್ಲ, ಶಾಲೆಯಲ್ಲಿ ಕಲಿಸಿದ್ದೇ ಅದು. 'ಗಾದೆಯನ್ನು ವಿಸ್ತರಿಸಿ ಬರೆಯಿರಿ' ಎಂಬ ಪ್ರಶ್ನೆಗೆ ತಲೆಮಾರುಗಳಿಂದ ಒಂದೇ ಉತ್ತರ: ಸುಖದಲ್ಲಿ ದೇವರನ್ನು ಮರೆತು ಕಷ್ಟದಲ್ಲಿ ನೆನೆಯುವ ಮನುಷ್ಯನ ಸ್ವಾರ್ಥವನ್ನು ಈ ಗಾದೆ ಹಂಗಿಸುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಗಾದೆಯನ್ನೇ ಸರಿಯಾಗಿ ನೋಡಿ. ಅದರಲ್ಲಿ 'ಅನ್ನುತ್ತಾನೆ' ಇಲ್ಲ, 'ನೆನೆಯುತ್ತಾನೆ' ಇಲ್ಲ. ಇರುವ ಕ್ರಿಯೆ ಒಂದೇ, 'ಬಂದಾಗ'. ಸಂಕಟ ಬಂತು, ವೆಂಕಟರಮಣ... ಏನು ಮಾಡಿದ? ಕೊನೆಯ ಪದವನ್ನು ಗಾದೆ ನಮಗೇ ಬಿಟ್ಟಿದೆ. ಹಂಗಿಸುವವರು 'ಎನ್ನುತ್ತಾರೆ' ಎಂದು ತುಂಬಿಕೊಂಡರು. ಗಾದೆ ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು 'ಬರುತ್ತಾನೆ' ಎಂಬುದೇ ನನ್ನ ವಾದ. ಒಂದೇ 'ಬರು' ಎರಡಕ್ಕೂ ಸಾಕಾಗಿತ್ತು.

ವೆಂಕಟರಮಣನೇ ಏಕೆ? ಸಂಕಟಕ್ಕೆ ವೆಂಕಟ ಪ್ರಾಸ ಎನ್ನುತ್ತಾರೆ. ಪ್ರಾಸಕ್ಕೋಸ್ಕರ ಮಾತ್ರ ಬಂದ ದೇವರು ಇಷ್ಟು ಕಾಲ ಜನರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಪದ್ಮಾವತಿಯೊಂದಿಗಿನ ತನ್ನ ಮದುವೆಗೆ ಕುಬೇರನಲ್ಲಿ ಸಾಲ ಮಾಡಿ, ಕಲಿಯುಗ ಮುಗಿಯುವವರೆಗೂ ಬಡ್ಡಿ ಕಟ್ಟಬೇಕಾದ ದೇವರು ಅವನು. ತೆಲುಗರು ಅವನನ್ನು ವಡ್ಡಿಕಾಸುಲವಾಡು, ಅಂದರೆ ಬಡ್ಡಿ ಕಾಸಿನವನು ಎಂದೇ ಕರೆಯುತ್ತಾರೆ. ಮಗುವಿಗೆ ಕಾಯಿಲೆಯಾದಾಗ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದ ತಾಯಿಗೆ ಸಾಲದ ಭಾರ ಗೊತ್ತಿರುವ ದೇವರೇ ಬೇಕಿತ್ತು.

ಈ 'ಬರು' ಕನ್ನಡದಲ್ಲಿ ಎಲ್ಲೆಲ್ಲಿ ಸುಳಿದಾಡುತ್ತದೆ ನೋಡಿ. ಜ್ವರ ಬರುತ್ತದೆ, ಕಷ್ಟ ಬರುತ್ತದೆ, ಮೈಮೇಲೆ ದೇವರೂ ಬರುತ್ತದೆ. ಸಿಡುಬನ್ನಂತೂ ನಮ್ಮ ಹಳೇ ಮೈಸೂರು ಕಡೆಯವರು ರೋಗ ಎಂದು ಕರೆಯಲೇ ಇಲ್ಲ. 'ಅಮ್ಮ ಆಗಿದೆ', 'ಅಮ್ಮ ಬಂದಿದ್ದಾಳೆ' ಎಂದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು, ಒಗ್ಗರಣೆ ಹಾಕುವುದನ್ನು ನಿಲ್ಲಿಸಿದರು, ಮಗುವಿನ ಹತ್ತಿರ ದನಿ ಎತ್ತಿ ಮಾತಾಡಲಿಲ್ಲ. ಬೊಕ್ಕೆ ಎದ್ದ ಆ ಪುಟ್ಟ ಮೈಯಲ್ಲೇ ಅಮ್ಮ ಇದ್ದಾಳೆ ಎಂದು ಕೈಮುಗಿದರು. ಇದನ್ನು ಮೌಢ್ಯ ಎಂದು ತಳ್ಳಿಹಾಕುವುದು ಸುಲಭ. ಲಸಿಕೆ ಬಂತು, 1980ರಲ್ಲಿ ಸಿಡುಬು ಭೂಮಿಯಿಂದಲೇ ತೊಲಗಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು, ಅದು ಲಸಿಕೆಯ ಗೆಲುವೇ. ಆದರೆ ಲಸಿಕೆ ಇಲ್ಲದ ಕಾಲದಲ್ಲಿ, ಯಾರೂ ಮುಟ್ಟಲು ಹೆದರುವ ಮಗುವನ್ನು ದೇವರು ಬಂದಿರುವ ಜಾಗ ಎಂದು ತಾಯಿ ತೊಡೆಯ ಮೇಲೆ ಮಲಗಿಸಿಕೊಂಡಳಲ್ಲ, ಆ ಧೈರ್ಯ ಕೊಟ್ಟದ್ದು 'ಅಮ್ಮ ಬಂದಿದ್ದಾಳೆ' ಎಂಬ ಮಾತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಲೂ ಜನ ಸುಮ್ಮನಿರಲಿಲ್ಲ. ಸರ್ಕಾರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿತು. ಜನ ಆ ಇಂಗ್ಲಿಷ್ ಹೆಸರಿಗೇ 'ಅಮ್ಮ' ಸೇರಿಸಿ ಪ್ಲೇಗಮ್ಮನನ್ನು ಪೂಜಿಸಿದರು.

ಸಂಕಟದ ಮನೆ ಹೊಟ್ಟೆ. ದುಃಖಕ್ಕೂ ಹೊಟ್ಟೆಸಂಕಟ ಎನ್ನುತ್ತೇವೆ, ಅಜೀರ್ಣಕ್ಕೂ ಸಂಕಟ ಎನ್ನುತ್ತೇವೆ. ಮಾನ್ವಿಯ ಶ್ರೀನಿವಾಸಾಚಾರ್ಯರ ಕಥೆ ಹರಿದಾಸ ಪರಂಪರೆಯಲ್ಲಿ ಪ್ರಸಿದ್ಧ. ಹೆಸರಿನಲ್ಲೇ ವೆಂಕಟರಮಣನಿದ್ದ ಆ ಸಂಸ್ಕೃತ ಪಂಡಿತರಿಗೆ ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ಅಂಥ ದಾಸರಲ್ಲೊಬ್ಬರಾದ ವಿಜಯದಾಸರು ಊಟಕ್ಕೆ ಕರೆದಾಗ ಅನಾರೋಗ್ಯದ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪ ನಿಜವಾಗಿ, ಹೊಟ್ಟೆಶೂಲೆ ಹಿಡಿಯಿತು. ಯಾವ ಔಷಧಿಗೂ ಬಗ್ಗದಾಗ ವಿಜಯದಾಸರ ಕಾಲಿಗೆ ಬಿದ್ದರು. ಅವರು ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷ ಧಾರೆಯೆರೆದರೆಂದು ಪ್ರತೀತಿ. ಎದ್ದು ಕುಳಿತವರು ಜಗನ್ನಾಥದಾಸರಾಗಿ ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲೇ 'ಹರಿಕಥಾಮೃತಸಾರ' ಬರೆದರು. ಈ ಕಥೆಯಲ್ಲಿ ಸಂಕಟ ಮೊದಲು, ದೇವರು ಆಮೇಲೆ ಎಂದು ಬೇರ್ಪಡಿಸಲು ನನ್ನಿಂದಾಗದು. ಎರಡೂ ಒಂದೇ ಬಾಗಿಲಲ್ಲಿ ಬಂದಿವೆ.

ಈಗ ಸಂಕಟದ ಜಾಗಕ್ಕೆ 'ಟೆನ್ಷನ್' ಬಂದು ಕೂತಿದೆ. ಪದ ಇಂಗ್ಲಿಷಿನದು ಎಂಬುದಕ್ಕೆ ನನ್ನ ತಕರಾರಿಲ್ಲ, ಪ್ಲೇಗಮ್ಮನನ್ನು ಒಪ್ಪಿಕೊಂಡವರು ನಾವು. ತಕರಾರು ಅದರ ಜೊತೆಗಿರುವ ಕ್ರಿಯಾಪದದ ಮೇಲೆ. 'ಟೆನ್ಷನ್ ಮಾಡ್ಕೋಬೇಡಿ', 'ಟೆನ್ಷನ್ ತಗೋಬೇಡಿ' ಎನ್ನುತ್ತೇವೆ. ಸಂಕಟ ತಾನಾಗಿ ಬರುತ್ತಿತ್ತು, ನಾವು ಪಡುತ್ತಿದ್ದೆವು. ಟೆನ್ಷನ್ನನ್ನು ನಾವೇ ಮಾಡಿಕೊಳ್ಳಬೇಕು, ಹೋಗಿ ತೆಗೆದುಕೊಳ್ಳಬೇಕು. ಐಸಿಯು ಬಾಗಿಲಲ್ಲಿ ರಾತ್ರಿಯೆಲ್ಲ ಕುಳಿತವರಿಗೆ 'ಟೆನ್ಷನ್ ತಗೋಬೇಡಿ' ಎಂದರೆ ನೋವಿನ ಮೇಲೆ ತಪ್ಪನ್ನೂ ಹೊರಿಸಿದಂತಾಗುತ್ತದೆ. ನಮ್ಮ ಹಿರಿಯರು ಅಂಥ ಕಡೆ 'ಏನಮ್ಮಾ, ಹಿಂಗಾಯ್ತಲ್ಲ' ಎಂದು ಪಕ್ಕದಲ್ಲಿ ಕೂರುತ್ತಿದ್ದರು, ಊಟ ಆಯಿತಾ ಎಂದು ಕೇಳುತ್ತಿದ್ದರು.