ಬೋರಲು ಹಾಕಿದ ಲೋಟ ಮತ್ತು ಬ್ರಾಡ್‌ವೇ ಹಾಡುಗಳು

ಹೋದ ಅಕ್ಟೋಬರಿನಲ್ಲಿ ನಮ್ಮ ಬೀದಿಯ ಕೊನೆ ಮನೆಯ ಅಜ್ಜ ಅಜ್ಜಿ ನ್ಯೂಜೆರ್ಸಿಯ ಚಳಿ ಸಾಕಾಗಿ ಫ್ಲಾರಿಡಾಕ್ಕೆ ಹೊರಟರು. ಹೊರಡುವ ಮುಂಚೆ ಗರಾಜ್ ಸೇಲ್ ಇಟ್ಟಿದ್ದರು. ನಾನು ಸುಮ್ಮನೆ ನೋಡಲು ಹೋದವಳು ಹತ್ತು ಡಾಲರ್ ಕೊಟ್ಟು ಒಂದು ರಟ್ಟಿನ ಡಬ್ಬ ಹೊತ್ತುಕೊಂಡು ಬಂದೆ. ಡಬ್ಬದ ತುಂಬಾ ಹಳೇ ಎಲ್ಪಿ ರೆಕಾರ್ಡುಗಳು, ಮುಕ್ಕಾಲು ಪಾಲು ಬ್ರಾಡ್‌ವೇ ಮ್ಯೂಸಿಕಲ್‌ಗಳದ್ದು. "ಮನೇಲಿರೋ ಕಸ ಸಾಲದು ಅಂತ ಇದೂ ಬೇಕಿತ್ತಾ?" ಅಂತ ಮನೆಯವರು ಗೊಣಗಿದರು. ಆಮೇಲೆ ಅವರೇ ಹಳೇ ರೆಕಾರ್ಡ್ ಪ್ಲೇಯರೊಂದನ್ನು ಹುಡುಕಿ ತಂದರು, ಅದು ಬೇರೆ ಮಾತು.

ನನ್ನ ಸಂಗೀತ ಜ್ಞಾನ ಅಷ್ಟಕ್ಕಷ್ಟೆ. ಮ್ಯೂಸಿಕಲ್ ಅಂದರೆ ನನಗೆ ಗೊತ್ತಿದ್ದದ್ದು 'ಸೌಂಡ್ ಆಫ್ ಮ್ಯೂಸಿಕ್' ಸಿನಿಮಾ ಒಂದೇ. ಹಾಗಾಗಿ ಒಂದು ಕ್ರಮ ಮಾಡಿಕೊಂಡೆ. ಯಾವ ವರ್ಷದ ನಾಟಕವೋ ಆ ಪ್ರಕಾರ ಜೋಡಿಸಿ, ಶನಿವಾರಕ್ಕೆ ಒಂದರಂತೆ ಕೇಳುವುದು. ಡಬ್ಬದಲ್ಲಿ ಇಲ್ಲದ್ದನ್ನು ಲೈಬ್ರರಿಯಿಂದ ತರುವುದು. ಜೊತೆಗೆ ಕೇಳಲು ನನ್ನ ಹನ್ನೊಂದು ವರ್ಷದ ಮಗಳು. ಒಂದು ಚಳಿಗಾಲ ಪೂರ್ತಿ ಹೀಗೆ ಕಳೆಯಿತು.

ಇಷ್ಟೊಂದು ಹಾಡು ಕೇಳಿದ ಮೇಲೆ ರಾಗ ತಾಳದ ಬಗ್ಗೆ ಬರೆಯಬೇಕಿತ್ತೇನೋ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಬೇರೆಯೇ.

ಶುರುವಾಗಿದ್ದು 'ಶೋ ಬೋಟ್'ನಿಂದ. 1927ರ ಡಿಸೆಂಬರ್ 27ರಂದು ನ್ಯೂಯಾರ್ಕಿನ ಜಿಗ್‌ಫೆಲ್ಡ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಎಡ್ನಾ ಫರ್ಬರ್ ಎಂಬಾಕೆ ಬರೆದ ಕಾದಂಬರಿ ಅದಕ್ಕೆ ಮೂಲ. ಸಂಗೀತ ಜೆರೋಮ್ ಕರ್ನ್‌ದು, ಮಾತು ಮತ್ತು ಹಾಡು ಆಸ್ಕರ್ ಹ್ಯಾಮರ್‌ಸ್ಟೈನ್‌ದು. ಅಲ್ಲಿಯವರೆಗೆ ಬ್ರಾಡ್‌ವೇ ಅಂದರೆ ಹೆಚ್ಚಾಗಿ ಚೆಂದದ ಹುಡುಗಿಯರ ಸಾಲು, ನಗೆಹನಿ, ನಡುನಡುವೆ ಹಾಡು. ನಮ್ಮ ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಬಿದ್ದರೆ ಸತ್ತ ಪಾತ್ರವೂ ಎದ್ದು ಇನ್ನೊಂದು ಸಲ ಹಾಡುತ್ತಿತ್ತು ಅಂತ ತಮಾಷೆ ಮಾಡುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆ. ಶೋ ಬೋಟ್ ನೋಡಲು ಹೋದವರಿಗೆ ಪರದೆ ಸರಿದಾಗ ಕಂಡದ್ದು ಮಿಸಿಸಿಪಿ ನದಿಯ ದಂಡೆಯಲ್ಲಿ ಹತ್ತಿಯ ಮೂಟೆ ಹೊರುತ್ತಿರುವ ಕರಿಯ ಕೂಲಿಗಳು.

ಕಥೆಯಲ್ಲಿ ಜೂಲಿ ಅಂತ ಒಬ್ಬಳು ನಟಿ. ನೋಡಲು ಬಿಳಿಯಳು, ಆದರೆ ಅವಳಲ್ಲಿ ಕರಿಯರ ರಕ್ತವೂ ಇದೆ ಎಂದು ಯಾರೋ ಚಾಡಿ ಹೇಳುತ್ತಾರೆ. ಬಿಳಿಯನನ್ನು ಮದುವೆಯಾಗಿದ್ದಕ್ಕೆ ಹಿಡಿಯಲು ಶೆರಿಫ್ ಬರುತ್ತಾನೆ. ಅವಳ ಗಂಡ ಏನು ಮಾಡುತ್ತಾನೆ ಗೊತ್ತೆ? ಅವಳ ಕೈಗೆ ಚಾಕುವಿನಿಂದ ಗೀರಿ ಆ ರಕ್ತವನ್ನು ಹೀರಿಬಿಡುತ್ತಾನೆ. ನನ್ನೊಳಗೂ ಈಗ ಕರಿಯರ ರಕ್ತ ಇದೆ ಅಂತ ಪ್ರಮಾಣ ಮಾಡಿ ಹೇಳಲಿಕ್ಕೆ! ಓದುವಾಗಲೇ ಮೈ ಜುಂ ಅಂತು. ಇದೇನೂ ಕಾಗದದ ಮೇಲಿನ ಕಥೆಯಲ್ಲ. ಇಂಥ ಮದುವೆಗಳನ್ನು ಅಪರಾಧ ಮಾಡಿದ್ದ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 1967ರಲ್ಲಿ. ನಾಟಕ ಬಂದು ನಲವತ್ತು ವರ್ಷ ಆದಮೇಲೆ.

ಈ ನಾಟಕದ 'ಓಲ್ ಮ್ಯಾನ್ ರಿವರ್' ಹಾಡನ್ನು ನೀವು ಕೇಳಿರದಿದ್ದರೂ ಅದರ ಅಸ್ಸಾಮಿ ತಮ್ಮನನ್ನು ಕೇಳಿರುತ್ತೀರಿ. ಭೂಪೇನ್ ಹಜಾರಿಕಾ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಪಾಲ್ ರೋಬ್ಸನ್‌ರನ್ನು ಕಂಡರು. ಆ ಪ್ರಭಾವದಲ್ಲಿ ಮುಂದೆ ಬ್ರಹ್ಮಪುತ್ರದ ಬಗ್ಗೆ 'ಬಿಸ್ತೀರ್ಣ ಪಾರೊರೆ' ಹಾಡಿದರು. ಹಿಂದಿಯಲ್ಲಿ ಅದೇ 'ಗಂಗಾ ಬೆಹತೀ ಹೋ ಕ್ಯೋಂ' ಆಯಿತು. ದಂಡೆಯ ಮೇಲೆ ಇಷ್ಟೆಲ್ಲ ಅನ್ಯಾಯ ನಡೆಯುತ್ತಿದ್ದರೂ ನದಿ ಸುಮ್ಮನೆ ಹೇಗೆ ಹರಿಯುತ್ತೆ ಅನ್ನುವುದೇ ಎರಡು ಕಡೆಯ ಸಂಕಟ.

ಡಬ್ಬದಲ್ಲಿದ್ದದ್ದು 1946ರ ಮರುಪ್ರದರ್ಶನದ ರೆಕಾರ್ಡು. ಲೈಬ್ರರಿಯಲ್ಲಿ ಸಿಕ್ಕಿದ್ದು ಜಾನ್ ಮೆಕ್‌ಗ್ಲಿನ್ 1988ರಲ್ಲಿ ಹೊರತಂದ ಮೂರು ಸಿಡಿಗಳ ಪೂರ್ತಿ ಶೋ ಬೋಟ್. ಎರಡನ್ನೂ ಒಂದರ ಹಿಂದೆ ಒಂದು ಹಾಕಿದೆ. ಮಗಳು ತಟ್ಟನೆ ಕೇಳಿದಳು, "ಅಮ್ಮಾ, ಮೊದಲನೇ ಮಾತೇ ಬೇರೆ ಇದೆಯಲ್ಲ?"

ಹೌದು, ಬೇರೆ ಇದೆ. ನಾಟಕದ ಮೊದಲ ಕೋರಸ್ಸಿನಲ್ಲಿ ಕೂಲಿಗಳು ತಮ್ಮನ್ನು ತಾವು ಕರೆದುಕೊಳ್ಳುವ ಪದ 1927ರಲ್ಲಿ ಒಂದು ಕೆಟ್ಟ ಬೈಗುಳ. ಇವತ್ತು ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೂ ಬರೆಯುವುದಿಲ್ಲ. 1936ರ ಸಿನಿಮಾಕ್ಕೆ ಬರುವಷ್ಟರಲ್ಲಿ ಅದು ಕೊಂಚ ಮೆತ್ತಗಾಗಿ 'ಕಪ್ಪಗಿನವರು' ಎಂಬಂಥ ಪದವಾಯಿತು. 1946ರಲ್ಲಿ 'ಬಣ್ಣದ ಜನ' ಎಂದಾಯಿತು. ಅದೇ ವರ್ಷದ ಇನ್ನೊಂದು ಸಿನಿಮಾದಲ್ಲಿ ಬರೀ 'ನಾವೆಲ್ಲ' ಅಂತಾಯಿತು. ಮೂಟೆ ಮಾತ್ರ ಅದೇ, ಹೊರುವವರೂ ಅವರೇ. 1988ರಲ್ಲಿ ಮೆಕ್‌ಗ್ಲಿನ್ ಮೂಲದಲ್ಲಿ ಇದ್ದದ್ದೇ ಇರಲಿ ಎಂದು ಹಳೇ ಪದವನ್ನು ವಾಪಸ್ ತಂದಾಗ, ಹಾಡಲು ಗೊತ್ತುಮಾಡಿದ್ದ ಕರಿಯ ಗಾಯಕರ ಕೋರಸ್ಸು ನಾವು ಹಾಡುವುದಿಲ್ಲ ಎಂದು ಹೊರನಡೆಯಿತು. ಬೇರೆ ಕೋರಸ್ಸು ತಂದು ಮುಗಿಸಬೇಕಾಯಿತು. ಯಾರು ಸರಿ? ಇತಿಹಾಸವನ್ನು ಇದ್ದ ಹಾಗೆ ಕೇಳಿಸಬೇಕು ಅನ್ನುವುದೂ ಸರಿ. ಆ ಬೈಗುಳ ತಿಂದವರ ಮಕ್ಕಳ ಬಾಯಲ್ಲೇ ಅದನ್ನು ಹೇಳಿಸಬೇಡಿ ಅನ್ನುವುದೂ ಸರಿ. ನನಗೆ ಎರಡನೆಯದು ಹೆಚ್ಚು ಸರಿ ಅನ್ನಿಸಿತು.

ರೋಬ್ಸನ್ ಮಾಡಿದ್ದು ಇನ್ನೊಂದು ದಾರಿ. ಅವರು ಆ ಹಾಡನ್ನು ಲಂಡನ್ನಿನ ರಂಗದ ಮೇಲೆ, ನ್ಯೂಯಾರ್ಕಿನಲ್ಲಿ, ಸಿನಿಮಾದಲ್ಲಿ, ಎಲ್ಲ ಕಡೆ ಹಾಡಿದವರು. ಆಮೇಲೆ ತಮ್ಮ ಕಛೇರಿಗಳಲ್ಲಿ ಸಾಹಿತ್ಯವನ್ನೇ ತಿದ್ದಿಬಿಟ್ಟರು. ಬದುಕಿ ಸುಸ್ತಾಗಿ ಸಾವಿಗೂ ಹೆದರುವ ಮನುಷ್ಯನ ಹಾಡನ್ನು ಸಾಯುವತನಕ ಹೋರಾಡುತ್ತೇನೆ ಎನ್ನುವವನ ಹಾಡು ಮಾಡಿದರು. ಅವರ ರಾಜಕೀಯ ಸಹಿಸದ ಸರ್ಕಾರ 1950ರಲ್ಲಿ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಿತು. ವಾಪಸ್ ಸಿಕ್ಕಿದ್ದು 1958ರಲ್ಲಿ.

ಮುಂದಿನ ಶನಿವಾರ 1935ರ 'ಪೋರ್ಗಿ ಅಂಡ್ ಬೆಸ್'. ಜಾರ್ಜ್ ಗರ್ಶ್‌ವಿನ್ ಸಂಗೀತ. ಬ್ರಾಡ್‌ವೇಯಲ್ಲಿ ಬರೀ 124 ಪ್ರದರ್ಶನ. ಆದರೆ ಹಾಡಿಗಿಂತ ನನಗೆ ಹಿಡಿಸಿದ್ದು 1936ರ ವಾಷಿಂಗ್ಟನ್ ಪ್ರಸಂಗ. ಅಲ್ಲಿನ ನ್ಯಾಷನಲ್ ಥಿಯೇಟರಿನಲ್ಲಿ ಕರಿಯರಿಗೆ ಪ್ರವೇಶ ಇರಲಿಲ್ಲ. ನಮ್ಮ ಜನ ಕೂರಲಾಗದ ಕಡೆ ನಾವು ಹಾಡುವುದಿಲ್ಲ ಅಂತ ಪೋರ್ಗಿ ಪಾತ್ರದ ಟಾಡ್ ಡಂಕನ್ ಹಠ ಹಿಡಿದರು. ಥಿಯೇಟರಿನವರು ಮಣಿದರು. ಆ ಪ್ರದರ್ಶನಗಳಿಗೆ ಎಲ್ಲರೂ ಒಟ್ಟಿಗೆ ಕೂತರು. ನಾಟಕ ಊರು ಬಿಟ್ಟ ಮೇಲೆ ಹಳೇ ಪದ್ಧತಿ ವಾಪಸ್! ಕಲಾವಿದರ ಸಂಘ ಬಹಿಷ್ಕಾರ ಹಾಕಿದಾಗ ಎಲ್ಲರನ್ನೂ ಒಳಗೆ ಬಿಡುವುದಕ್ಕಿಂತ ನಾಟಕವೇ ಬೇಡ ಅಂತ 1948ರಲ್ಲಿ ಅದನ್ನು ಸಿನಿಮಾ ಟಾಕೀಸು ಮಾಡಿದರು. ಮತ್ತೆ ನಾಟಕ ಬಂದದ್ದು 1952ರಲ್ಲಿ.

ಆಮೇಲೆ 'ಒಕ್ಲಹೋಮ', 1943. ಪರದೆ ಸರಿದರೆ ಒಬ್ಬಳು ವಯಸ್ಸಾದ ಹೆಂಗಸು ಮಜ್ಜಿಗೆ ಕಡೆಯುತ್ತಾ ಕೂತಿದ್ದಾಳೆ, ಹಾಡು ಎಲ್ಲಿಂದಲೋ ತೇಲಿ ಬರುತ್ತೆ. ನಮ್ಮೂರ ಅಡುಗೆಮನೆ ಕಣ್ಣಿಗೆ ಬಂತು. ಮೂಲ ನಟರೇ ಹಾಡಿದ ಹಾಡುಗಳನ್ನು ರೆಕಾರ್ಡು ಮಾಡಿ ಮಾರುವ ರೂಢಿ ಅಮೆರಿಕದಲ್ಲಿ ಗಟ್ಟಿಯಾಗಿದ್ದು ಇದರಿಂದಲೇ. ಆಗ ಎಲ್ಪಿ ಇರಲಿಲ್ಲ. ಹಲವು 78ರ ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂಥ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಆಲ್ಬಮ್ ಅನ್ನುವ ಹೆಸರು ಬಂದದ್ದು ಹಾಗೆ.

ಎಲ್ಪಿ ಬಂದದ್ದು 1948ರಲ್ಲಿ. ಮರುವರ್ಷವೇ 'ಸೌತ್ ಪೆಸಿಫಿಕ್'. ರಿಚರ್ಡ್ ರಾಜರ್ಸ್ ಸಂಗೀತ, ಹಾಡು ಮತ್ತೆ ನಮ್ಮ ಹ್ಯಾಮರ್‌ಸ್ಟೈನ್. ಅದರ ರೆಕಾರ್ಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ 69 ವಾರ ಮೊದಲ ಸ್ಥಾನದಲ್ಲಿತ್ತು. ಯುದ್ಧಕಾಲದ ಒಂದು ದ್ವೀಪ. ಅಲ್ಲಿ ನೆಲ್ಲಿ ಎಂಬ ನರ್ಸು, ಒಳ್ಳೆಯ ನಗುಮುಖದ ಹುಡುಗಿ, ಊರು ಅರ್ಕನ್ಸಾದ ಲಿಟಲ್ ರಾಕ್. ತಾನು ಮೆಚ್ಚಿದವನಿಗೆ ಪಾಲಿನೇಷ್ಯದ ಹೆಂಡತಿಯಿಂದ ಮಕ್ಕಳಿದ್ದಾರೆ ಅಂತ ತಿಳಿದದ್ದೇ ಅವಳು ಹಿಂದೆ ಸರಿಯುತ್ತಾಳೆ. ಇನ್ನೊಬ್ಬ ಲೆಫ್ಟಿನೆಂಟ್ ಕೇಬಲ್. ಆ ಕಡೆಯ ಲಿಯಾಟ್ ಎಂಬ ಹುಡುಗಿಯನ್ನು ಪ್ರೀತಿಸುತ್ತಾನೆ, ಆದರೆ ಮದುವೆಯಾಗುವ ಧೈರ್ಯ ಇಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಗಿ ಅವನು ಒಂದು ಸಣ್ಣ ಹಾಡು ಹಾಡುತ್ತಾನೆ. ದ್ವೇಷ ಹುಟ್ಟಿನಿಂದ ಬರುವುದಲ್ಲ, ಚಿಕ್ಕಂದಿನಲ್ಲಿ ಮನೆಯವರು ಕಲಿಸಿ ಬರುವುದು ಎನ್ನುವುದೇ ಅದರ ಸಾರ. ರಾಗ ಮಾತ್ರ ಮಕ್ಕಳ ಪದ್ಯದ ಹಾಗೆ ಕುಣಿಯುತ್ತೆ.

ಈ ಹಾಡನ್ನು ತೆಗೆದುಹಾಕಿ ಅಂತ ಹಲವರು ಸಲಹೆ ಕೊಟ್ಟರಂತೆ. ನಾಟಕ ಬಿದ್ದುಹೋದರೂ ಸರಿ, ಈ ಹಾಡು ಇರುತ್ತೆ, ನಾವು ನಾಟಕ ಮಾಡಿದ್ದೇ ಇದಕ್ಕೋಸ್ಕರ ಎಂದು ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಹೇಳಿದ್ದಾಗಿ ಮೂಲ ಕಥೆಗಳ ಲೇಖಕ ಜೇಮ್ಸ್ ಮಿಷನರ್ ನೆನೆದಿದ್ದಾರೆ. 1953ರಲ್ಲಿ ನಾಟಕ ಅಟ್ಲಾಂಟಾಕ್ಕೆ ಹೋದಾಗ ಜಾರ್ಜಿಯಾದ ಇಬ್ಬರು ಶಾಸಕರು, ಇಂಥ ಹಾಡು ಅಮೆರಿಕದ ಜೀವನಕ್ರಮಕ್ಕೇ ಅಪಾಯ, ಇದರ ಹಿಂದೆ ಮಾಸ್ಕೋ ಇದೆ ಅಂತ ಗದ್ದಲ ಎಬ್ಬಿಸಿದರು. 1957ರಲ್ಲಿ ಅದೇ ಲಿಟಲ್ ರಾಕ್‌ನಲ್ಲಿ ಒಂಬತ್ತು ಕರಿಯ ಮಕ್ಕಳನ್ನು ಸ್ಕೂಲಿನ ಒಳಗೆ ಸೇರಿಸಲು ಸೈನ್ಯ ಬರಬೇಕಾಯಿತು. ಸೆಪ್ಟೆಂಬರ್ 25. ಅದರ ಮರುದಿನ ಬ್ರಾಡ್‌ವೇಯಲ್ಲಿ 'ವೆಸ್ಟ್ ಸೈಡ್ ಸ್ಟೋರಿ' ಶುರುವಾಯಿತು, ಪೋರ್ಟೊರಿಕೋದ ಹುಡುಗಿ ಮತ್ತು ಬಿಳಿ ಹುಡುಗನ ಕಥೆ. ಅದಕ್ಕೆ ಹಾಡು ಬರೆದ ಸ್ಟೀಫನ್ ಸಾಂಡ್‌ಹೈಮ್‌ಗೆ ಚಿಕ್ಕವಯಸ್ಸಿನಲ್ಲಿ ಬರೆಯುವುದನ್ನು ಹೇಳಿಕೊಟ್ಟಿದ್ದು ಯಾರು? ಹ್ಯಾಮರ್‌ಸ್ಟೈನೇ! ದ್ವೇಷ ಒಂದನ್ನೇ ಅಲ್ಲ, ಬೇರೆಯದನ್ನೂ ಕಲಿಸಬಹುದು ಅನ್ನಿಸಿ ಖುಷಿಯಾಯಿತು.

ಹಾಗಂತ ಹ್ಯಾಮರ್‌ಸ್ಟೈನ್‌ರನ್ನು ದೇವರ ಕೋಣೆಯಲ್ಲಿ ಕೂರಿಸುವುದು ಬೇಡ. ಸೌತ್ ಪೆಸಿಫಿಕ್ ರೆಕಾರ್ಡು ಪೂರ್ತಿ ಮುಗಿದರೂ ಲಿಯಾಟ್‌ಳ ದನಿ ಕೇಳುವುದಿಲ್ಲ. ಅವಳಿಗೆ ಹಾಡೇ ಇಲ್ಲ. ಅವಳ ಪರವಾಗಿ ಅವಳನ್ನು ಬಿಟ್ಟು ಉಳಿದವರೆಲ್ಲ ಹಾಡುತ್ತಾರೆ. ವೆಸ್ಟ್ ಸೈಡ್ ಸ್ಟೋರಿಯಲ್ಲೂ ಪೋರ್ಟೊರಿಕೋದ ಮರಿಯಾಳನ್ನು ರಂಗದ ಮೇಲೆ ಹಾಡಿದ್ದು ಆ ಕಡೆಯವಳಲ್ಲದ ನಟಿ. 1961ರ ಸಿನಿಮಾದಲ್ಲಿ ನಟಿಸಿದವಳೂ ಅಲ್ಲಿಯವಳಲ್ಲ, ಅವಳಿಗೆ ಹಿನ್ನೆಲೆ ದನಿ ಕೊಟ್ಟವಳೂ ಅಲ್ಲ.

ಇಷ್ಟೆಲ್ಲ ಬರೆಯುತ್ತಾ ನಾನು ಒಂದು ವಿಷಯ ತಪ್ಪಿಸಿಕೊಳ್ಳುತ್ತಾ ಇದ್ದೀನಿ. ಕೇಬಲ್ಲನ ಹಾಡು ಮುಗಿದಾಗ ಮಗಳು ಕೇಳಿದಳು, "ನಿಂಗೂ ಯಾರಾದ್ರೂ ಹಾಗೆ ಕಲಿಸಿದ್ರಾ ಅಮ್ಮಾ?"

ಇಲ್ಲ ಅನ್ನಲು ಬಾಯಿ ತೆರೆದೆ. ಆಗಲಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿತ್ತಲಲ್ಲಿ ಕಟ್ಟೆಯ ಮೇಲೆ ಒಂದು ಲೋಟ ಬೋರಲು ಹಾಕಿರುತ್ತಿತ್ತು. ಅಡಿಕೆ ತೋಟದ ಕೆಲಸಕ್ಕೆ ಬರುತ್ತಿದ್ದವರು ಅದನ್ನು ತಾವೇ ತೊಳೆದು ಹಿಡಿದರೆ ಅಜ್ಜಿ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಕುಡಿದು ತೊಳೆದು ಮತ್ತೆ ಬೋರಲು ಹಾಕುವುದು. ಆ ಕೆಲಸದವರಲ್ಲಿ ಒಬ್ಬರ ಮಗ ನನ್ನ ಕ್ಲಾಸಿನವನು. ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅವರ ಮನೆಗೆ ಆಡಲು ಹೋಗಿ ನೀರು ಕುಡಿದು ಬಂದೆ, ಬಂದು ಅಜ್ಜಿ ಹತ್ತಿರ ಹೇಳಿಯೂ ಬಿಟ್ಟೆ. ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ ಬಿಸಿನೀರು ಹೊಯ್ದು, ತಲೆ ಒರೆಸುತ್ತಾ, "ಅಲ್ಲೆಲ್ಲ ಕುಡೀಬಾರದು ಪುಟ್ಟಿ, ನಾವು ಕುಡಿಯೋ ಹಂಗಿಲ್ಲ" ಅಂದರು. ಆಮೇಲೆ ಬೆಲ್ಲ ಕಾಯಿ ಕೊಟ್ಟರು. ನನ್ನನ್ನು ಅಷ್ಟು ಪ್ರೀತಿ ಮಾಡಿದವರು ಇನ್ನೊಬ್ಬರಿಲ್ಲ. ಮರುದಿನದಿಂದ ನಾನು ಆ ಮನೆಗೆ ಹೋಗಲಿಲ್ಲ. ಯಾಕೆ ಅಂತ ಆ ಹುಡುಗನೂ ಕೇಳಲಿಲ್ಲ. ಅವನಿಗೂ ಮನೆಯಲ್ಲಿ ಯಾರೋ ಕಲಿಸಿರಬೇಕು.

ಇದನ್ನು ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗ ಈಗ ಎಲ್ಲಿದ್ದಾನೆ?" ಅಂದಳು. ನನಗೆ ಗೊತ್ತಿರಲಿಲ್ಲ.

ಕೊನೆಯ ಶನಿವಾರ 'ಫಿಡ್ಲರ್ ಆನ್ ದ ರೂಫ್', 1964. ರಷ್ಯಾದ ಹಳ್ಳಿಯ ಯಹೂದಿ ಹಾಲಿನವನು, ಐದು ಹೆಣ್ಣುಮಕ್ಕಳ ಅಪ್ಪ. ಮೊದಲ ಇಬ್ಬರು ತಾವೇ ಗಂಡು ಹುಡುಕಿಕೊಂಡಾಗ ಹೇಗೋ ಒಪ್ಪುತ್ತಾನೆ. ಮೂರನೆಯವಳು ಕ್ರಿಶ್ಚಿಯನ್ ಹುಡುಗನನ್ನು ಮದುವೆಯಾದಾಗ ಮಾತ್ರ ಅವಳು ಸತ್ತಳು ಅಂದುಬಿಡುತ್ತಾನೆ. ಅವನು ಕೆಟ್ಟವನಲ್ಲ, ಅದೇ ಕಷ್ಟ. ಅವನನ್ನು ಕೇಳುತ್ತಾ ನನಗೆ ಅಜ್ಜಿಯೇ ಕಂಡರು. ಕೇಬಲ್ಲನ ಹಾಡು ಕಲಿತವನ ಸಿಟ್ಟು. ಇದು ಕಲಿಸಿದವರ ಸಂಕಟ. ಎರಡನ್ನೂ ಕೇಳಿದ ಮೇಲೆ ಅಜ್ಜಿಯನ್ನು ದ್ವೇಷಿಸಲೂ ಆಗಲಿಲ್ಲ, ಅವರು ಮಾಡಿದ್ದು ಸರಿ ಅನ್ನಲೂ ಆಗಲಿಲ್ಲ.

ಮರುದಿನ ಭಾನುವಾರ ಊರಿಗೆ ಫೋನು ಮಾಡಿದಾಗ ಅಮ್ಮನನ್ನು ಕೇಳಿದೆ, "ಹಿತ್ತಲ ಕಟ್ಟೆ ಮೇಲೆ ಒಂದು ಲೋಟ ಇರ್ತಿತ್ತಲ್ಲ, ಅದು ಈಗಲೂ ಇದೆಯಾ?"

"ಅದೆಲ್ಲ ಯಾವ ಕಾಲಕ್ಕೋ ಹೋಯ್ತು ಕಣೇ," ಅಂದರು ಅಮ್ಮ. "ಈಗ ಪೇಪರ್ ಲೋಟ ತಂದಿಟ್ಟಿದೀವಿ. ಕುಡಿದು ಎಸೀತಾರೆ, ತೊಳೆಯೋ ರಗಳೆನೇ ಇಲ್ಲ."

"ನೀವೂ ಅದರಲ್ಲೇ ಕುಡೀತೀರಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಮಳೆಯ ವಿಷಯ ತೆಗೆದರು.

ಬೈಗುಳ ಹೋಗಿ 'ಕಪ್ಪಗಿನವರು', ಆಮೇಲೆ 'ಬಣ್ಣದ ಜನ', ಆಮೇಲೆ 'ನಾವೆಲ್ಲ'. ಸ್ಟೀಲ್ ಲೋಟ ಹೋಗಿ ಪೇಪರ್ ಲೋಟ. ಪದ ಬದಲಾದದ್ದು ಒಳ್ಳೆಯದೇ, ಆದರೆ ಮೂಟೆ ಇಳಿಯಿತಾ ಅಂತ ಆಗಾಗ ನೋಡುತ್ತಿರಬೇಕು.

ಮುಂದಿನ ಬೇಸಿಗೆಗೆ ಮಗಳನ್ನು ಕರೆದುಕೊಂಡು ಊರಿಗೆ ಹೋಗುತ್ತಿದ್ದೇನೆ. ಆ ಹುಡುಗ ಎಲ್ಲಿದ್ದಾನೆ ಅಂತ ಹುಡುಕಬೇಕು. ಸಿಕ್ಕರೆ ಅವರ ಮನೆಯಲ್ಲಿ ಒಂದು ಲೋಟ ನೀರು ಕೇಳಬೇಕು ಅಂತ ಆಸೆ. ಕೊಡುವುದು ಬಿಡುವುದು ಅವನಿಗೆ ಬಿಟ್ಟದ್ದು.