ಬಡ ಶಾಲಾಮಕ್ಕಳಿಗೆ ಅಗ್ಗದ ಲ್ಯಾಪ್‌ಟಾಪ್: ಕರ್ನಾಟಕದಲ್ಲಿ ನಡೆದು ಬಂದ ದಾರಿ

ಕೂಲಿಕಾರರ, ಸಣ್ಣ ರೈತರ, ಬೀಡಿ ಕಟ್ಟುವವರ ಮಕ್ಕಳಿಗೂ ಕಂಪ್ಯೂಟರ್ ಕೈಗೆಟುಕಬೇಕೆಂಬ ಉದ್ದೇಶದಿಂದ ಕಡಿಮೆ ಬೆಲೆಯ ಯಂತ್ರಗಳನ್ನು ರೂಪಿಸಿದ, ಹಂಚಿದ ಪ್ರಯತ್ನಗಳ ಇತಿಹಾಸವಿದು. ಕರ್ನಾಟಕದ ಮಟ್ಟಿಗೆ ಇದಕ್ಕೆ ಸುಮಾರು ಕಾಲು ಶತಮಾನದ ವಯಸ್ಸು. ಅಗ್ಗದ ಯಂತ್ರದ ಕಲ್ಪನೆ ಬೆಂಗಳೂರಿನಲ್ಲಿ ಬೇಗನೆ ಹುಟ್ಟಿತು. ಆದರೆ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನಂಥ ಊರಿನ ಶಾಲೆಯ ಬೆಂಚಿಗೆ ಅದು ಬಂದದ್ದು ಬೇರೆಯೇ ರೂಪದಲ್ಲಿ. ಮಕ್ಕಳೆಲ್ಲರಿಗೂ ಸೇರಿ ಒಂದು ಕಂಪ್ಯೂಟರ್ ಕೋಣೆ ಸಿಕ್ಕಿತು. ಒಬ್ಬರಿಗೊಂದು ಯಂತ್ರ ಎಂಬ ಮಾತು ಕಾಲೇಜಿನ ಮೆಟ್ಟಿಲು ಹತ್ತಿದವರ ಮಟ್ಟಿಗೆ ನಿಜವಾಯಿತು.

ಸಿಂಪ್ಯೂಟರ್

ಈ ಕಥೆಯ ಮೊದಲ ಹೆಸರು ಸಿಂಪ್ಯೂಟರ್. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಮಾಹಿತಿ ತಂತ್ರಜ್ಞಾನದ ಸಭೆಯೊಂದರ ಚರ್ಚೆ ಇದಕ್ಕೆ ಬೀಜವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮೊದಲಾದವರು ಸಿಂಪ್ಯೂಟರ್ ಟ್ರಸ್ಟ್ ಕಟ್ಟಿಕೊಂಡು ಅಂಗೈಯಗಲದ ಕಂಪ್ಯೂಟರೊಂದನ್ನು ವಿನ್ಯಾಸಗೊಳಿಸಿದರು. 2001ರ ಹೊತ್ತಿಗೆ ಅದರ ಮಾದರಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಗುರಿಯಿಟ್ಟುಕೊಂಡ ಬೆಲೆ ಸುಮಾರು 9,000 ರೂಪಾಯಿ. ಲಿನಕ್ಸ್ ಮೇಲೆ ನಡೆಯುತ್ತಿದ್ದ ಈ ಯಂತ್ರಕ್ಕೆ ಮೂರು ಪುಟ್ಟ ಬ್ಯಾಟರಿ ಸಾಕಾಗಿತ್ತು. ಓದಲು ಬಾರದವರಿಗಾಗಿ ಕನ್ನಡವೂ ಸೇರಿ ದೇಶೀ ಭಾಷೆಗಳಲ್ಲಿ ಪಠ್ಯವನ್ನು ಓದಿ ಹೇಳುವ ಏರ್ಪಾಟೂ ಅದರಲ್ಲಿತ್ತು.

ಅದರ ವಿನ್ಯಾಸದಲ್ಲಿದ್ದ ಒಂದು ಸಂಗತಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಯಂತ್ರದ ಬದಿಯಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸುವ ಕಂಡಿಯೊಂದಿತ್ತು. ಬಡವರು ತಲೆಗೊಂದು ಯಂತ್ರ ಕೊಳ್ಳಲಾರರು, ಊರಿಗೋ ಶಾಲೆಗೋ ಒಂದನ್ನು ಕೊಂಡಾರು ಎಂಬುದು ವಿನ್ಯಾಸಕರ ಎಣಿಕೆ. ಹಾಗೆ ಕೊಂಡ ಯಂತ್ರವನ್ನು ಬಾಡಿಗೆಗೆ ಪಡೆದವರು ತಮ್ಮ ಕಾರ್ಡ್ ತೂರಿಸಿದರೆ ತಮ್ಮದೇ ಮಾಹಿತಿ ತೆರೆದುಕೊಳ್ಳಬೇಕು, ಕಾರ್ಡ್ ತೆಗೆದರೆ ಮುಂದಿನವರ ಸರದಿ. ಹಂಚಿಕೊಂಡು ಬಳಸುವುದನ್ನು ಕೊರತೆಯೆಂದು ಕಾಣದೆ ಲೆಕ್ಕಕ್ಕೆ ತೆಗೆದುಕೊಂಡೇ ಹೊರಟ ಇಂಥ ವಿನ್ಯಾಸ ಮುಂದೆ ಬಂದ ಯಾವ ಅಗ್ಗದ ಲ್ಯಾಪ್‌ಟಾಪಿನಲ್ಲೂ ಕಾಣಲಿಲ್ಲ.

ಪಿಕೋಪೀಟಾ ಕಂಪನಿ ವಿನ್ಯಾಸಗೊಳಿಸಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂತು. ಕೈಯಲ್ಲಿ ಓರೆ ಮಾಡಿದರೆ ಅದನ್ನು ಗ್ರಹಿಸುವ ಗುಣ ಅದಕ್ಕಿತ್ತು. ಐಫೋನ್ ಬರಲು ಆಗ ಇನ್ನೂ ಮೂರು ವರ್ಷವಿತ್ತು. ಆದರೂ ಮಾರಾಟ ಕೆಲವು ಸಾವಿರವನ್ನು ದಾಟಲಿಲ್ಲ. ಛತ್ತೀಸಗಡದ ಕೆಲವು ಶಾಲೆಗಳಲ್ಲಿ ಪ್ರಯೋಗ ನಡೆಯಿತು, ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೆ ಬಳಕೆಯಾಯಿತು. ಹೆಚ್ಚು ತಯಾರಾಗದೆ ಬೆಲೆ ಇಳಿಯಲಿಲ್ಲ, ಬೆಲೆ ಇಳಿಯದೆ ಬೇಡಿಕೆ ಹುಟ್ಟಲಿಲ್ಲ. ಸರ್ಕಾರಗಳು ಲಕ್ಷಗಟ್ಟಲೆ ಕೊಂಡಿದ್ದರೆ ಕಥೆ ಬೇರೆಯಾಗಬಹುದಿತ್ತು. ಎನ್‌ಕೋರ್ ಕಂಪನಿ ಸಿಎಸ್‌ಐಆರ್ ನೆರವಿನಿಂದ ‘ಮೊಬಿಲಿಸ್’ ಎಂಬ ಇನ್ನೊಂದು ಅಗ್ಗದ ಯಂತ್ರವನ್ನು 2005ರ ಮೇ ತಿಂಗಳಲ್ಲಿ ಹೊರತಂದಿತು. ಪುಟ್ಟ ಲ್ಯಾಪ್‌ಟಾಪಿನಂತೆಯೇ ಇದ್ದ ಅದೂ ಶಾಲೆಗಳನ್ನು ಮುಟ್ಟಲಿಲ್ಲ.

ನೂರು ಡಾಲರಿನ ಕನಸು

ಅದೇ 2005ರ ಜನವರಿಯಲ್ಲಿ ಅಮೆರಿಕದ ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು ದಾವೋಸ್‌ನಲ್ಲಿ ಘೋಷಿಸಿದರು. ಬೆಲೆ ನೂರು ಡಾಲರ್ ಎಂಬುದು ಅದರ ಘೋಷಣೆ. 2007ರ ಕೊನೆಗೆ ತಯಾರಿಕೆ ಶುರುವಾದಾಗ ಬೆಲೆ ಅದರ ಇಮ್ಮಡಿಯ ಹತ್ತಿರವಿತ್ತು. ಭಾರತದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲೇ ಇದನ್ನು ಬೇಡವೆಂದಿತ್ತು. ಇದರಿಂದ ಕಲಿಕೆ ಹೆಚ್ಚುತ್ತದೆಂಬುದಕ್ಕೆ ಆಧಾರವೇನು, ಶಿಕ್ಷಕರೂ ಕೋಣೆಗಳೂ ಇಲ್ಲದ ಕಡೆ ಮೊದಲು ಆಗಬೇಕಾದದ್ದು ಇದೇನಾ ಎಂಬುದು ಅಧಿಕಾರಿಗಳ ತಕರಾರು. ಕರ್ನಾಟಕಕ್ಕೆ ಹತ್ತಿರದ ಪ್ರಯೋಗಗಳಲ್ಲೊಂದು 2007ರಲ್ಲಿ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಖೈರಾತ್ ಎಂಬ ಹಳ್ಳಿಯ ಪುಟ್ಟ ಮರಾಠಿ ಶಾಲೆಯದು. ದಕ್ಷಿಣ ಅಮೆರಿಕದ ಪೆರು ದೇಶ ಇಂಥ ಲ್ಯಾಪ್‌ಟಾಪುಗಳನ್ನು ದೊಡ್ಡ ಪ್ರಮಾಣದಲ್ಲಿ ಹಂಚಿತು. 2012ರಲ್ಲಿ ಹೊರಬಂದ ಅಧ್ಯಯನದಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಸುಧಾರಿಸಿದ್ದು ಕಾಣಲಿಲ್ಲ. ದೆಹಲಿಯ ಅಧಿಕಾರಿಗಳ ತಕರಾರನ್ನು ಆಗ ಹಲವರು ಹಳೆಯ ತಲೆಯವರ ಮಾತೆಂದು ಆಡಿಕೊಂಡಿದ್ದರು, ಆದರೆ ಆ ತಕರಾರಿನಲ್ಲಿ ಹುರುಳಿತ್ತು.

ಬೇಡವೆಂದ ಸಚಿವಾಲಯವೇ ಆಮೇಲೆ ಇನ್ನೂ ಅಗ್ಗದ ಯಂತ್ರದ ಬೆನ್ನು ಹತ್ತಿದ್ದು ತಮಾಷೆ. 2009ರ ಫೆಬ್ರವರಿಯಲ್ಲಿ ತಿರುಪತಿಯಲ್ಲಿ ಅನಾವರಣಗೊಂಡ ‘ಸಾಕ್ಷಾತ್’ ಹತ್ತು ಡಾಲರಿನ ಲ್ಯಾಪ್‌ಟಾಪ್ ಎಂದು ಭಾರೀ ಸುದ್ದಿಯಾಗಿತ್ತು. ಪೆಟ್ಟಿಗೆ ತೆರೆದರೆ ಅದು ಬರಿಯ ಮಾಹಿತಿ ಸಂಗ್ರಹದ ಸಾಧನ. 2011ರ ಅಕ್ಟೋಬರ್ 5ರಂದು ಆಗ ಆ ಸಚಿವಾಲಯದ ಮಂತ್ರಿಯಾಗಿದ್ದ ಕಪಿಲ್ ಸಿಬಲ್ ಬಿಡುಗಡೆ ಮಾಡಿದ ‘ಆಕಾಶ್’ ಟ್ಯಾಬ್ಲೆಟ್ ನಿಜಕ್ಕೂ ಕಂಪ್ಯೂಟರೇ ಆಗಿತ್ತು. ಆದರೆ ಒತ್ತಿ ಒತ್ತಿ ಬಳಸಬೇಕಾದ ಪರದೆ, ಬೇಗ ಮುಗಿಯುವ ಬ್ಯಾಟರಿ, ಆಮೆವೇಗದ ಪ್ರೊಸೆಸರ್ ಸೇರಿ ಅದರ ಹೆಸರು ಕೆಡಿಸಿದವು. ಅದೂ ಮುಖ್ಯವಾಗಿ ಕಾಲೇಜು ವಿದ್ಯಾರ್ಥಿಗಳಿಗೆಂದು ಮಾಡಿದ್ದು.

ಶಾಲೆಯ ಕಂಪ್ಯೂಟರ್ ಕೋಣೆ

ಇತ್ತ ಸರ್ಕಾರಿ ಶಾಲೆಗಳ ಕಥೆ ಬೇರೆ ಜಾಡಿನಲ್ಲಿ ಸಾಗಿತು. 1999ರಲ್ಲಿ ಇನ್ಫೋಸಿಸ್ ತನ್ನಲ್ಲಿ ಬಳಸಿದ ಕಂಪ್ಯೂಟರುಗಳನ್ನು ಶಾಲೆಗಳಿಗೆ ದಾನ ಕೊಡತೊಡಗಿತು. ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2001ರ ಸುಮಾರಿಗೆ, ‘ಮಾಹಿತಿ ಸಿಂಧು’ ಯೋಜನೆ ಬಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ಶುರುವಾಯಿತು. ಯಂತ್ರ ಒದಗಿಸುವುದು, ಕಲಿಸುವವರನ್ನು ನೇಮಿಸುವುದು ಎರಡನ್ನೂ ಖಾಸಗಿ ಕಂಪನಿಗಳಿಗೆ ಐದು ವರ್ಷಕ್ಕೆ ಗುತ್ತಿಗೆ ಕೊಡಲಾಯಿತು. ನಂತರ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) ಯೋಜನೆ ಹಂತ ಹಂತವಾಗಿ ಉಳಿದ ಪ್ರೌಢಶಾಲೆಗಳಿಗೂ ಹಬ್ಬಿತು.

ಈ ಕೋಣೆಗಳನ್ನು ಕಂಡವರಿಗೆ ಅವುಗಳ ಚಿತ್ರ ಮರೆಯುವಂಥದ್ದಲ್ಲ. ಕಿಟಕಿಗೆ ಕಬ್ಬಿಣದ ಜಾಲರಿ, ಬಾಗಿಲಿಗೆ ಜೋಡಿ ಬೀಗ, ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿ. ಒಳಗೆ ಧೂಳಿಗೆ ಬಟ್ಟೆ ಹೊದಿಸಿದ ಮಾನಿಟರುಗಳು. ಒಂದೊಂದರ ಮುಂದೆ ಮೂರ್ನಾಲ್ಕು ಮಕ್ಕಳು ಒತ್ತರಿಸಿ ಕೂತರೆ ಮೌಸ್ ಒಬ್ಬರ ಕೈಯಲ್ಲಿ, ಕೀಲಿಮಣೆ ಇನ್ನೊಬ್ಬರ ಕೈಯಲ್ಲಿ, ಉಳಿದವರದು ಬರೀ ನೋಟ. ಹೆಸ್ಕಾಂನ ಕರೆಂಟು ಹೋದರೆ ಯುಪಿಎಸ್ ಕುಂಯ್‌ಗುಟ್ಟುತ್ತಿತ್ತು, ಅದರ ಬ್ಯಾಟರಿ ಒಣಗಿದ ಮೇಲೆ ಆ ಸದ್ದೂ ಇಲ್ಲ. ಗುತ್ತಿಗೆ ಮುಗಿದ ದಿನ ಕಂಪನಿಯ ಬೋಧಕ ಹೊರಟುಹೋದ, ಯಂತ್ರ ಉಳಿಯಿತು. ಗಣಿತದ ಮೇಷ್ಟ್ರೋ ವಿಜ್ಞಾನದ ಟೀಚರೋ ಬೀಗದ ಕೈ ಇಟ್ಟುಕೊಂಡರು. ನುಡಿ ತಂತ್ರಾಂಶದಲ್ಲಿ ತನ್ನ ಹೆಸರು ಟೈಪು ಮಾಡಿ, ಪೇಂಟಿನಲ್ಲಿ ಒಂದು ಮನೆ ಬರೆದು ಎಸ್ಸೆಸ್ಸೆಲ್ಸಿ ಮುಗಿಸಿದವರ ತಲೆಮಾರೇ ಒಂದಿದೆ.

ದೋಷ ಯಂತ್ರದ್ದಲ್ಲ, ಗುತ್ತಿಗೆಯದೆಂದು ಹೇಳಿದವರಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಒಂದು. ಕೇರಳ ತನ್ನ ಶಿಕ್ಷಕರಿಗೇ ತರಬೇತಿ ಕೊಟ್ಟು, ಮುಕ್ತ ತಂತ್ರಾಂಶಕ್ಕೆ ಹೊರಳಿ ಮುಂದೆ ಹೋದದ್ದನ್ನು ಅದು ಎತ್ತಿ ತೋರಿಸಿತು. ಮುಂದೆ ಅದೇ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆಯನ್ನೂ ಕನ್ನಡದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳನ್ನೂ ಕಟ್ಟಿತು. ಕೇರಳದ ಹಾದಿಯ ಫಲ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ದಕ್ಕಿದೆ; ಐಸಿಟಿ ಪಠ್ಯಪುಸ್ತಕ ಅವರಿಗೆ ಕನ್ನಡದಲ್ಲೇ ಸಿಗುತ್ತದೆ.

ಕೊರೋನಾ ವರ್ಷ

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಸ್ವಂತ ಯಂತ್ರ ಇದ್ದವರಿಗೂ ಇಲ್ಲದವರಿಗೂ ಇರುವ ಅಂತರ ಬಯಲಾಯಿತು. ಐದನೆಯ ತರಗತಿವರೆಗೆ ಆನ್‌ಲೈನ್ ಪಾಠ ಬೇಡವೆಂದು ರಾಜ್ಯ ಸರ್ಕಾರ ಜೂನ್‌ನಲ್ಲಿ ಆದೇಶಿಸಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆಗಸ್ಟಿನಲ್ಲಿ ಶುರುವಾದ ‘ವಿದ್ಯಾಗಮ’ದಲ್ಲಿ ಮೇಷ್ಟ್ರುಗಳು ಗುಡಿಯ ಕಟ್ಟೆ, ಮರದ ನೆರಳುಗಳಿಗೇ ಹೋಗಿ ಪಾಠ ಮಾಡಿದರು, ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದು ನಿಂತಿತು. ಮನೆಯಲ್ಲಿದ್ದ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋದರೆ ಮಗುವಿನ ಪಾಠ ಸಂಜೆಗೇ.

ಕೇರಳದಲ್ಲಿ ಅದೇ ಹೊತ್ತಿಗೆ ಬೇರೊಂದು ದಾರಿ ಕಂಡಿತು. ಅಲ್ಲಿನ ಮಹಿಳಾ ಸ್ವಸಹಾಯ ಗುಂಪುಗಳ ಜಾಲವಾದ ಕುಟುಂಬಶ್ರೀಯ ಸದಸ್ಯೆಯರ ಮಕ್ಕಳಿಗೆ 15,000 ರೂಪಾಯಿಯ ಲ್ಯಾಪ್‌ಟಾಪನ್ನು ತಿಂಗಳಿಗೆ 500 ರೂಪಾಯಿಯಂತೆ 30 ಕಂತಿನಲ್ಲಿ ಕೊಡಿಸುವ ‘ವಿದ್ಯಾಶ್ರೀ’ ಚೀಟಿ ಯೋಜನೆಯದು. ದಾನವೂ ಅಲ್ಲದ, ಅಂಗಡಿ ವ್ಯಾಪಾರವೂ ಅಲ್ಲದ ಈ ಏರ್ಪಾಟಿಗೆ ಯಂತ್ರಗಳ ಪೂರೈಕೆ ತಡವಾದದ್ದು ಅಡ್ಡಿಯಾಯಿತು. ಸ್ತ್ರೀಶಕ್ತಿ ಗುಂಪುಗಳು ಊರೂರಿಗೆ ಇರುವ ಕರ್ನಾಟಕದಲ್ಲಿ ಇದೇ ಅಚ್ಚಿನ ಯೋಜನೆ ಬಾರದೇ ಹೋದದ್ದು ಸೋಜಿಗ.

ಯಾರಿಗೆ ಸಿಕ್ಕಿತು

ತಮಿಳುನಾಡಿನಲ್ಲಿ ಜಯಲಲಿತಾ 2011ರ ಸೆಪ್ಟೆಂಬರಿನಲ್ಲೇ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಹಿರಿಯ ತರಗತಿಯ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿಕೆ ಆರಂಭಿಸಿದ್ದರು. ಕರ್ನಾಟಕದಲ್ಲಿ ಶಾಲಾಮಕ್ಕಳಿಗೆ ಬಿಸಿಯೂಟ, ಎಂಟನೆಯ ತರಗತಿಯವರಿಗೆ ಸೈಕಲ್, ಆಮೇಲೆ ಹಾಲು ಬಂದವು. ಲ್ಯಾಪ್‌ಟಾಪ್ ಮಾತ್ರ ಪದವಿ ತರಗತಿಗೆ ಹೋಯಿತು. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಂದ ಶುರುವಾದ ಯೋಜನೆ 2020ರಲ್ಲಿ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಮೊದಲ ವರ್ಷದ ಸುಮಾರು 1.09 ಲಕ್ಷ ವಿದ್ಯಾರ್ಥಿಗಳಿಗೆ ಮುಟ್ಟಿತು. 2021ರ ಜೂನ್‌ನಲ್ಲಿ ಸುಮಾರು 1.55 ಲಕ್ಷ ಟ್ಯಾಬ್ಲೆಟ್ ಹಂಚಿಕೆ ಆರಂಭವಾಯಿತು, ಅದೂ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ. ಎಸ್ಸೆಸ್ಸೆಲ್ಸಿ ಮುಗಿಸುವ ಮೊದಲೇ ಓದು ಬಿಟ್ಟ ಮಗುವಿಗೆ ಇದಾವುದೂ ಇಲ್ಲ. ಯಂತ್ರ ಹೆಚ್ಚು ಬೇಕಾದದ್ದು ಅಂಥ ಮಗುವನ್ನು ಶಾಲೆಯಲ್ಲಿ ಹಿಡಿದಿಡಲು ಎಂಬ ವಾದ ವಿಧಾನಸೌಧದಲ್ಲಿ ಬಲವಾಗಿ ಕೇಳಿಬರಲಿಲ್ಲ.

ಶಾಲೆಯ ಮಟ್ಟದಲ್ಲಿ ಲ್ಯಾಪ್‌ಟಾಪ್ ಬಂದದ್ದು ಬಹುಮಾನವಾಗಿ, ಎಸ್ಸೆಸ್ಸೆಲ್ಸಿಯಲ್ಲಿ ಮುಂಚೂಣಿಯಲ್ಲಿ ನಿಂತ ಸರ್ಕಾರಿ ಶಾಲೆಯ ಬೆರಳೆಣಿಕೆಯ ಮಕ್ಕಳಿಗೆ. ಇನ್ನೊಂದು ದಾರಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯದು. ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಅದು ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಕೊಟ್ಟಿದೆ. ಚಿಕ್ಕೋಡಿ ಸೀಮೆಯಲ್ಲಿ ಇದರ ಮಿತಿ ಎದ್ದು ಕಾಣುತ್ತದೆ. ಗೌಂಡಿ ಕೆಲಸದ ಕಾರ್ಡ್ ಇದ್ದವನ ಮಗಳು ಅರ್ಜಿ ಹಾಕಬಹುದು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳ ಮಗನಿಗೆ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯುವವರ ಮಕ್ಕಳಿಗೆ ಆ ಮಂಡಳಿಯ ಬಾಗಿಲು ತೆರೆಯದು. ಹಂಗಾಮಿನಲ್ಲಿ ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿರುವ ಮಗುವಿಗಂತೂ ಶಾಲೆಯ ಹಾಜರಿಯೇ ಮೊದಲ ಸಮಸ್ಯೆ.

2025ರ ನವೆಂಬರಿನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ‘ಕಿಯೋ’ ಎಂಬ ಅಗ್ಗದ ಕಂಪ್ಯೂಟರನ್ನು ಹೊರತಂದಿತು. ಬೆಲೆ 18,999 ರೂಪಾಯಿ. ಮುಕ್ತ ವಿನ್ಯಾಸದ ರಿಸ್ಕ್-ಫೈವ್ ಪ್ರೊಸೆಸರ್, ಲಿನಕ್ಸ್, ರಾಜ್ಯ ಪಠ್ಯಕ್ರಮವನ್ನು ಅರಿತ ಕೃತಕ ಬುದ್ಧಿಮತ್ತೆಯ ಸಹಾಯಕ ಅದರಲ್ಲಿವೆ. ಲಿನಕ್ಸ್, ಕಡಿಮೆ ಬೆಲೆ, ಕನ್ನಡನಾಡಿನದೇ ವಿನ್ಯಾಸ ಎಂಬ ಮಾತುಗಳಲ್ಲಿ ಸಿಂಪ್ಯೂಟರಿನ ಜಾಡು ಗುರುತಾಗುತ್ತದೆ. ಅದೇ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಕಿಯೋ ಕೊಳ್ಳಲು ಐವತ್ತಕ್ಕೂ ಹೆಚ್ಚು ದಿನದ ದುಡಿಮೆ ಬೇಕು.