ಮಾಗಡಿ ಕೆರೆ: ವಿಸ್ತೀರ್ಣ ಮತ್ತು ಪಕ್ಷಿಸಂಖ್ಯೆಯ ದಾಖಲೆಗಳಲ್ಲಿನ ಕೆಲವು ವ್ಯತ್ಯಾಸಗಳು

1. ವ್ಯಾಪ್ತಿ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿರುವುದನ್ನು ಕೇಂದ್ರ ಪರಿಸರ ಸಚಿವಾಲಯವು 2024ರ ಜನವರಿ 31ರಂದು ಪ್ರಕಟಿಸಿತು. ಅದೇ ಪ್ರಕಟಣೆಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಸೇರಿ ಇನ್ನೂ ನಾಲ್ಕು ತಾಣಗಳಿದ್ದವು; ದೇಶದ ಒಟ್ಟು ತಾಣಗಳು 75ರಿಂದ 80ಕ್ಕೆ ಏರಿದವು. ಈ ಕೆರೆಯ ಬಗ್ಗೆ ಪ್ರಚಲಿತವಿರುವ ಮೂರು ಅಂಕಿಗಳ ಮತ್ತು ಅದರ ಹೆಸರಿನ ಪರಿಶೀಲನೆ ಮಾತ್ರ ಈ ಟಿಪ್ಪಣಿಯ ಉದ್ದೇಶ. ಪಕ್ಷಿಗಳ ಪಟ್ಟಿ ಇಲ್ಲಿಲ್ಲ.

ಸ್ಥಳನಿರ್ದೇಶನದ ಬಗ್ಗೆ ಎರಡು ಎಚ್ಚರಿಕೆಗಳು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ; ಅದಕ್ಕೂ ಹಿಂದಿನ ದಾಖಲೆಗಳನ್ನು ಧಾರವಾಡ ಜಿಲ್ಲೆಯಡಿ ಹುಡುಕಬೇಕು. ಬೆಂಗಳೂರಿನ ಪಶ್ಚಿಮಕ್ಕಿರುವ, ಕೆಂಪೇಗೌಡರ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಮಾಗಡಿ ಪಟ್ಟಣ ಬೇರೆ. ಜಿಲ್ಲೆಯ ಹೆಸರಿಲ್ಲದೆ ‘ಮಾಗಡಿ’ ಎಂದಷ್ಟೇ ಬರೆದ ಪಕ್ಷಿದಾಖಲೆಯನ್ನು ಇನ್ನೊಂದು ಆಧಾರವಿಲ್ಲದೆ ಈ ಕೆರೆಯ ಲೆಕ್ಕಕ್ಕೆ ಹಾಕುವುದು ಸರಿಯಲ್ಲ.

2. ವಿಸ್ತೀರ್ಣ: 54.38, 134.15 ಮತ್ತು ‘ಸುಮಾರು 50’

ಮೇಲಿನ ಪ್ರಕಟಣೆಯಲ್ಲೇ ಎರಡು ಅಂಕಿಗಳಿವೆ. ಕೋಷ್ಟಕದಲ್ಲಿ 54.38 ಹೆಕ್ಟೇರ್, ವಿವರಣೆಯಲ್ಲಿ ‘ಸುಮಾರು 50 ಹೆಕ್ಟೇರ್’. ಇತರ ವಿವರಣೆಗಳಲ್ಲಿ ಕೆರೆಯ ವಿಸ್ತೀರ್ಣ 134.15 ಎಕರೆ ಎಂದೂ ಜಲಾನಯನ ಪ್ರದೇಶ ಸುಮಾರು 900 ಹೆಕ್ಟೇರ್ ಎಂದೂ ಕಾಣುತ್ತದೆ.

134.15ನ್ನು ದಶಮಾಂಶವೆಂದು ಓದಿ ಪರಿವರ್ತಿಸಿದರೆ 54.29 ಹೆಕ್ಟೇರ್ ಬರುತ್ತದೆ, 54.38 ಅಲ್ಲ. ವ್ಯತ್ಯಾಸ ಸುಮಾರು 0.09 ಹೆಕ್ಟೇರ್. ಎರಡು ದಶಮಾಂಶ ಸ್ಥಾನಗಳಿಗೆ ಇಳಿಸುವಾಗ ಆದ ತಪ್ಪೆನ್ನಲು ಇದು ದೊಡ್ಡದು; ಬೇರೆ ಸರ್ವೆಯ ಫಲವೆನ್ನಲು ತೀರ ಚಿಕ್ಕದು.

ಕಂದಾಯ ದಾಖಲೆಗಳಲ್ಲಿ ಕ್ಷೇತ್ರವನ್ನು ಎಕರೆ-ಗುಂಟೆಗಳಲ್ಲಿ ಬರೆಯುವುದು ರೂಢಿ. ಎಕರೆಗೆ 40 ಗುಂಟೆ. ಉತಾರದಲ್ಲಿ ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸುವ ಗೆರೆಯೋ ಚುಕ್ಕೆಯೋ ಟೈಪಾಗುವಾಗ ದಶಮಾಂಶ ಬಿಂದುವಿನಂತೆ ಕಾಣುವುದು ಹೊಸದೇನಲ್ಲ. ‘134.15’ನ್ನು 134 ಎಕರೆ 15 ಗುಂಟೆ ಎಂದು ಓದಿದರೆ 134.375 ಎಕರೆ, ಹೆಕ್ಟೇರಿನಲ್ಲಿ 54.3796, ಅಂದರೆ ಎರಡು ಸ್ಥಾನಗಳಿಗೆ 54.38. ಕೋಷ್ಟಕದ ಅಂಕಿಗೆ ಇದು ಪೂರ್ತಿ ಹೊಂದುತ್ತದೆ. ಎರಡು ಓದುಗಳ ನಡುವಿನ ಅಂತರ ನಿಖರವಾಗಿ 9 ಗುಂಟೆ.

ಹೊಂದಾಣಿಕೆ ಆಕಸ್ಮಿಕವಿರಬಹುದೆಂಬ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಬಿಂದುವಿನ ನಂತರದ ಸಂಖ್ಯೆ 40 ಅಥವಾ ಅದಕ್ಕಿಂತ ಹೆಚ್ಚಿದ್ದಿದ್ದರೆ ಗುಂಟೆಯ ಓದು ಅಲ್ಲಿಗೇ ಬಿದ್ದುಹೋಗುತ್ತಿತ್ತು; 15 ಎರಡೂ ಓದುಗಳಿಗೆ ಎಡೆ ಕೊಡುತ್ತದೆ. ಆದರೂ 54.38 ಮತ್ತು 134.15 ಒಂದೇ ಮೂಲದಿಂದ ಬಂದಿವೆ, ಎರಡನೆಯದು ವಾಸ್ತವದಲ್ಲಿ ಎಕರೆ-ಗುಂಟೆ ಎಂಬುದು ಸದ್ಯಕ್ಕೆ ಹೆಚ್ಚು ಸಂಭಾವ್ಯ. ಹಾಗಿದ್ದಲ್ಲಿ 54.38 ಎಂಬುದು ಸರ್ವೆ ನಂಬರಿನ ಕ್ಷೇತ್ರವೇ ಹೊರತು ಜಲವ್ಯಾಪ್ತಿಯಲ್ಲ. ಮಳೆನೀರನ್ನು ನೀರಾವರಿಗೆಂದು ಹಿಡಿದಿಡಲು ಕಟ್ಟಿದ ಕೆರೆಯಲ್ಲಿ ನೀರಿನ ಅಂಚು ತಿಂಗಳಿಂದ ತಿಂಗಳಿಗೆ ಸರಿಯುತ್ತದೆ. ಆದ್ದರಿಂದ ಹೆಕ್ಟೇರಿಗೆ ಇಂತಿಷ್ಟು ಪಕ್ಷಿ ಎಂಬ ಸಾಂದ್ರತೆಯನ್ನು 54.38ರಿಂದ ಭಾಗಿಸಿ ಪಡೆಯುವುದು ಅಷ್ಟಾಗಿ ಸಮರ್ಥನೀಯವಲ್ಲ.

3. ‘ಸುಮಾರು 8,000 ಪಕ್ಷಿಗಳು’

ಪ್ರಕಟಣೆಯಲ್ಲಿ ಈ ಸಂಖ್ಯೆ, ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ನೆಲೆಗಳಲ್ಲಿ ಮಾಗಡಿಯೂ ಒಂದು ಎಂಬ ಮಾತಿನ ಬೆನ್ನಿಗೇ ಬರುತ್ತದೆ. 8,000 ಹೆಬ್ಬಾತುಗಳದ್ದೇ ಅಥವಾ ಎಲ್ಲ ನೀರುಹಕ್ಕಿಗಳದ್ದೇ ಎಂಬುದು ವಾಕ್ಯರಚನೆಯಿಂದ ನಿರ್ಧಾರವಾಗುವುದಿಲ್ಲ. ಒಂದೇ ದಿನದ ಗರಿಷ್ಠ ಎಣಿಕೆಯೇ ಅಥವಾ ಇಡೀ ಹಂಗಾಮಿನ ಅಂದಾಜೇ ಎಂಬುದು ಇನ್ನೊಂದು ಸಂದಿಗ್ಧ. ಯಾವ ಅರ್ಥ ಹಿಡಿದರೂ ರಾಮ್ಸಾರ್‌ನ 5ನೇ ಮಾನದಂಡ ಕೇಳುವ 20,000 ನೀರುಹಕ್ಕಿಗಳನ್ನು ಈ ಸಂಖ್ಯೆ ಮುಟ್ಟುವುದಿಲ್ಲ. ಒಂದು ಪ್ರಭೇದದ ಅಥವಾ ಉಪಪ್ರಭೇದದ ಒಂದು ಜೀವಸಮೂಹದ ಶೇ. 1ನ್ನು ಕೇಳುವ 6ನೇ ಮಾನದಂಡಕ್ಕೆ ಮಾತ್ರ ಅದು ಪ್ರಸ್ತುತವಾದೀತು.

ಎಣಿಕೆಯ ಹೊತ್ತೂ ಮುಖ್ಯ. ಈ ಹೆಬ್ಬಾತುಗಳು ಹಗಲಿನ ಹೆಚ್ಚು ಪಾಲು ಕೆರೆಯಲ್ಲಿ ವಿಶ್ರಮಿಸಿ, ಇಳಿಹೊತ್ತಿಗೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ನಡುಹಗಲ ಎಣಿಕೆಯನ್ನೂ ಸಂಜೆಯ ಎಣಿಕೆಯನ್ನೂ ಒಂದೇ ಸಾಲಿನಲ್ಲಿಟ್ಟು ಏರಿಳಿತ ತೋರಿಸಿದರೆ ಕಾಣುವುದು ಗಡಿಯಾರದ ಏರಿಳಿತವೇ ಇರಬಹುದು. ಏರಿಯ ಮೇಲೆ ನಿಂತು ದೂರದರ್ಶಕದಲ್ಲಿ ನೋಡುವಾಗ ದಂಡೆಗುಂಟ ಒತ್ತೊತ್ತಾಗಿ ಕುಳಿತ ಸಾಲುಗಳಲ್ಲಿ ಹಿಂದಿನ ಸಾಲು ಮುಂದಿನದರ ಮರೆಗೆ ಸೇರುತ್ತದೆ. ಬಿಳಿ ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳೇ ಗುರುತೆಂದು ನೆಚ್ಚಿದರೆ, ಆ ಪಟ್ಟೆಗಳು ಇನ್ನೂ ಮೂಡದ, ನೆತ್ತಿಯೂ ಹಿಂಗತ್ತೂ ಮಾಸಲು ಬಣ್ಣದ ಮರಿಹಕ್ಕಿಗಳು ಲೆಕ್ಕದಿಂದ ಜಾರುತ್ತವೆ. ಇವೆರಡೂ ಕಡಿಮೆ ಎಣಿಕೆಯತ್ತ ಎಳೆಯುವ ಕಾರಣಗಳು. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯನ್ ನೀರುಹಕ್ಕಿ ಗಣತಿಯ ಲಾಭವೆಂದರೆ ತಿಂಗಳಾದರೂ ಸ್ಥಿರವಾಗಿರುವುದು. ಗಂಟೆ ಮತ್ತು ನೀರಿನ ಮಟ್ಟವನ್ನು ಎಣಿಸುವವರೇ ಬರೆದಿಡಬೇಕು.

4. 166ರಲ್ಲಿ 130

ಒಟ್ಟು 166ಕ್ಕೂ ಹೆಚ್ಚು ಪ್ರಭೇದಗಳು, ಅವುಗಳಲ್ಲಿ 130 ವಲಸೆಯವು ಎಂಬ ಪ್ರಕಟಣೆಯ ಹೇಳಿಕೆಯಂತೆ ನೆಲೆಸಿಗಳ ಪಾಲಿಗೆ ಉಳಿಯುವುದು 36ರ ಆಸುಪಾಸು. ಬಯಲುಸೀಮೆಯ ಯಾವುದೇ ಕೆರೆಯ ಬಳಿ ಬೆಳ್ಳಕ್ಕಿ, ಕೊಳದ ಬಕ, ನೀರುಕಾಗೆ, ಟಿಟ್ಟಿಭ, ಮಿಂಚುಳ್ಳಿ, ಕಾಜಾಣ, ಗೊರವಂಕ, ಪಿಕಳಾರಗಳಿಂದ ಶುರುಮಾಡಿದರೂ ಈ ಮಿತಿ ಬೇಗನೆ ತುಂಬೀತು. ಹಾಗಾಗಿ 130ರಲ್ಲಿ ಒಳನಾಡಿನಲ್ಲೇ ಕೆರೆಯಿಂದ ಕೆರೆಗೆ ಅಲೆಯುವ ಪ್ರಭೇದಗಳೂ ಸೇರಿರುವ ಸಾಧ್ಯತೆ ಹೆಚ್ಚು. ಅದೇ ಪ್ರಕಟಣೆ ‘ಅಪಾಯದ ಸಮೀಪ’ ಎಂದು ಹೆಸರಿಸುವ ಹಾವಕ್ಕಿ, ಕರಿತಲೆಯ ಕೆಂಬರಲು, ಬಣ್ಣದ ಕೊಕ್ಕರೆ, ಬಿಳಿ ಕತ್ತಿನ ಕೊಕ್ಕರೆ ನಾಲ್ಕೂ ಈ ಬಗೆಯವು. ಅವನ್ನು ಹೆಬ್ಬಾತಿನೊಂದಿಗೆ ಒಂದೇ ‘ವಲಸೆ’ ಅಂಕಣದಲ್ಲಿಟ್ಟರೆ ಅಂಕಣದ ಉಪಯೋಗ ಬಹಳ ತಗ್ಗುತ್ತದೆ.

5. ಹೆಸರು

ಬಳಕೆಯಲ್ಲಿ ‘ಮಾಗಡಿ ಪಕ್ಷಿಧಾಮ’. ರಾಮ್ಸಾರ್ ಪಟ್ಟಿಯಲ್ಲಿ ‘ಮಾಗಡಿ ಕೆರೆ ಸಂರಕ್ಷಣಾ ಮೀಸಲು’. ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಧಾಮಕ್ಕೂ ಸಂರಕ್ಷಣಾ ಮೀಸಲಿಗೂ ಬೇರೆ ಬೇರೆ ಕಲಮುಗಳಿವೆ. ಎರಡನೆಯದು 2002ರ ತಿದ್ದುಪಡಿಯಿಂದ ಬಂದ ವರ್ಗ, 36ಎ ಕಲಮು. ಉಲ್ಲೇಖಿಸುವಾಗ ಪಟ್ಟಿಯ ಹೆಸರನ್ನು ಬಳಸಿ, ಪಕ್ಕದಲ್ಲಿ ಶಿರಹಟ್ಟಿ ತಾಲ್ಲೂಕು ಎಂದು ಸೇರಿಸಿದರೆ ಮೊದಲ ಭಾಗದ ಗೊಂದಲವೂ ತಪ್ಪುತ್ತದೆ.